ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್ ಆಗಿದ್ದೇನೆ. ನನ್ನದೇ ಹೆಸರು ಗಳಿಸುವುದು ಹೇಗೆ?

ಬಳ್ಳಾರಿ ಜೀನ್ಸ್ ಊರೂರಿಗೆ ಹೋಗುತ್ತದೆ, ಕತ್ತರಿಸಿದವರ ಹೆಸರು ಮಾತ್ರ ಹೋಗುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

‘ಎಲ್ಲಾ ಮಾಡ್ತೀನಿ’ ಅನ್ನಬೇಡಿ. ಒಂದನ್ನೇ ಹಿಡಿಯಿರಿ, ಉದಾಹರಣೆಗೆ ದಪ್ಪ ಮೈಯವರಿಗೆ ಸರಿಯಾಗಿ ಕೂರುವ ಪ್ಯಾಂಟು. ಸೊಂಟಪಟ್ಟಿ ಹಿಂದೆ ಸಡಿಲಾಗುವುದೇಕೆ, ವಾಷಿಂಗ್‌ನಲ್ಲಿ ಡೆನಿಮ್ ಕುಗ್ಗುವುದನ್ನು ಕತ್ತರಿ ಹಾಕುವ ಮೊದಲೇ ಹೇಗೆ ಲೆಕ್ಕ ಹಿಡಿಯುತ್ತೀರಿ, ಇವನ್ನೆಲ್ಲ ನಿಮ್ಮ ಕೈಕೆಲಸ ಕಾಣುವಂತೆ ಚಿಕ್ಕ ವೀಡಿಯೊ ಮಾಡಿ, ನಮ್ಮ ಮಾತಿನಲ್ಲೇ ವಿವರಿಸಿ. (ಆರ್ಡರ್ ಕೊಟ್ಟವರ ಡಿಸೈನನ್ನು ಕೇಳದೆ ತೋರಿಸಬೇಡಿ.) ಕೊಪ್ಪಳದ ಕಿನ್ನಾಳ ಗೊಂಬೆಯನ್ನು ಬಣ್ಣ ನೋಡಿಯೇ ಗುರುತಿಸುತ್ತೇವಲ್ಲ, ನಿಮ್ಮ ಜೇಬಿನ ಹೊಲಿಗೆಗೂ ಅಂಥದೊಂದು ಗುರುತು ಕೊಡಿ.

ನಿಮ್ಮ ಪ್ಯಾಂಟುಗಳನ್ನು ವಾಟ್ಸ್ಯಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿ ತೋರಿಸಿ, ಅದು ಉಚಿತ. ಗಿರಾಕಿಗಳು ಹೆಸರು ಹಿಡಿದು ಕೇಳತೊಡಗಿದಾಗ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿ: ಉಡುಪು 25ನೇ ವರ್ಗಕ್ಕೆ ಸೇರುತ್ತದೆ, ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಶುಲ್ಕ 4,500 ರೂಪಾಯಿ.