ಮನೆ ನನ್ನ ಹೆಸರಲ್ಲೇ ಇರಲಿ ಎಂದರೆ ತಪ್ಪೇ?

ಪ್ರಶ್ನೆ: ನನಗೆ 68 ವರ್ಷ. ಮನೆ ನನ್ನ ಹೆಸರಿನಲ್ಲಿದೆ. ‘ಈಗಲೇ ದಾನಪತ್ರ ಮಾಡಿಕೊಡಮ್ಮ, ನಾನು ನೋಡ್ಕೊಳ್ತೀನಲ್ಲ’ ಎನ್ನುತ್ತಾನೆ ಮಗ. ಒಲ್ಲೆ ಎಂದರೆ ಸ್ವಾರ್ಥವಾಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. ನಿಮ್ಮ ಸೂರಿನಡಿ ನೀವಿದ್ದರೆ ಮಗನಿಗೂ ಹಗುರ. ದಾನಪತ್ರ ನೋಂದಣಿಯಾಗಿ ಆತ ಸ್ವೀಕರಿಸಿದರೆ ಒಡೆತನ ಕೈಬಿಟ್ಟಂತೆಯೇ. ಆಮೇಲೆ ಮನಸ್ಸು ಬದಲಾಯಿತು ಎನ್ನುವಂತಿಲ್ಲ. ಉಯಿಲು ಹಾಗಲ್ಲ, ಬದುಕಿರುವಷ್ಟು ದಿನ ಎಷ್ಟು ಸಲವಾದರೂ ತಿದ್ದಬಹುದು. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇಬೇಕು (ಮಗ, ಸೊಸೆಯನ್ನು ಸಾಕ್ಷಿ ಮಾಡಬೇಡಿ).

ದಾನಪತ್ರವೇ ಆಗಬೇಕೆಂದರೆ, ‘ಊಟ, ಔಷಧಿ, ಆರೈಕೆ ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. ಬಾಯಿಮಾತು ನಂಬಿದವರು ಎಡವುವುದು ಇಲ್ಲೇ. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್‌ನಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಪತ್ರ ರದ್ದುಪಡಿಸಲು ಕೇಳಬಹುದು.