ಎಷ್ಟು ಟ್ಯಾಬ್ಲೆಟ್ ಎಂಬುದಕ್ಕಿಂತ ಯಾವಾಗ ಟ್ಯಾಬ್ಲೆಟ್ ಎಂಬುದು ಮುಖ್ಯ

ಎಂಟನೇ ತರಗತಿಯ ಮಕ್ಕಳಿಗೆ ಶಾಲೆಯ ಹೊರಗೆ ಪರಿಸರ ಕಲಿಸಲು ದಾನಿಗಳಿಂದ ಎಷ್ಟು ಟ್ಯಾಬ್ಲೆಟ್ ಕೇಳಬೇಕು, ಅವುಗಳಲ್ಲಿ ಯಾವ ಆ್ಯಪ್ ಹಾಕಿಸಬೇಕು ಎಂದು ಕೇಳಿದ್ದೀರಿ. ಶಿರಾ ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನೂ ಕೆಲವು ವರ್ಷಗಳ ಹಿಂದೆ ಇದೇ ಲೆಕ್ಕಾಚಾರದಲ್ಲಿದ್ದೆ. ಟ್ಯಾಬ್ಲೆಟ್‌ಗಳು ಬಂದವು. ಚಿತ್ರ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್ ಹಾಕಿಸಿ, ಗುಂಪಿಗೊಂದರಂತೆ ಕೊಟ್ಟು, ಮಕ್ಕಳನ್ನು ಕೆರೆ ಏರಿಯ ಮೇಲೆ ಕರೆದೊಯ್ದೆ.

ಅದಕ್ಕೆ ಮುಂಚೆ ನಮ್ಮ ಹೊರಸಂಚಾರಗಳಲ್ಲಿ ಎಲ್ಲರೂ ಪ್ರಶ್ನೆ ಕೇಳುತ್ತಿದ್ದುದು ಕುರಿ ಕಾಯುವ ಮನೆಯಿಂದ ಬಂದ ಒಬ್ಬ ಹುಡುಗನನ್ನು. ಪಾಠಗಳಲ್ಲಿ ಹಿಂದುಳಿದಿದ್ದ ಅವನಿಗೆ ಯಾವ ಸೊಪ್ಪನ್ನು ಆಡು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದು ಗೊತ್ತಿತ್ತು. ಟಿಟ್ಟಿಭ ಹಕ್ಕಿಯು ಬಯಲಿನ ಕಲ್ಲುಹರಳುಗಳ ನಡುವೆ, ನೆಲದ ಮೇಲೆಯೇ ಮೊಟ್ಟೆಯಿಡುತ್ತದೆಂದು ತಿಳಿದಿದ್ದ ಅವನು, ಹಕ್ಕಿ ಕೂಗುತ್ತ ತಲೆಯ ಮೇಲೆ ಸುತ್ತತೊಡಗಿದ ಕೂಡಲೇ ಎಲ್ಲರನ್ನೂ ನಿಲ್ಲಿಸಿ, ಹೆಜ್ಜೆ ನೋಡಿಕೊಂಡು ಇಡುವಂತೆ ಹೇಳುತ್ತಿದ್ದ. ಟ್ಯಾಬ್ಲೆಟ್ ಬಂದ ಮೇಲೆ ಮಕ್ಕಳು ಅವನತ್ತ ತಿರುಗುವುದನ್ನೇ ಬಿಟ್ಟರು. ಅವನು ಮೊದಲು ಮಾತು ನಿಲ್ಲಿಸಿದ. ಆಮೇಲೆ, ಮನೆಯಲ್ಲಿ ಕೆಲಸವಿದೆಯೆಂದು ಸಂಚಾರದ ದಿನಗಳಂದು ಶಾಲೆಗೆ ಬರುವುದನ್ನೂ ನಿಲ್ಲಿಸಿದ. ಆ ನಷ್ಟಕ್ಕೆ ನಾನೇ ಕಾರಣ.

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಆ್ಯಪ್ ಬಳಸಿದ್ದೇ ತಪ್ಪೆಂದು ನೀವು ತಿಳಿದರೆ ಅದರಿಂದ ನಿಮಗೆ ಉಪಯೋಗವಾಗದು. ಅದನ್ನು ಸಂಚಾರದ ಮೊದಲ ಗಳಿಗೆಯಲ್ಲೇ ಮಕ್ಕಳ ಕೈಗೆ ಕೊಟ್ಟಿದ್ದು ತಪ್ಪು. ಯಾವ ಗುಂಪು ಹೆಚ್ಚು ಹೆಸರುಗಳನ್ನು ಪತ್ತೆಮಾಡುತ್ತದೋ ಅದಕ್ಕೆ ಬಹುಮಾನವೆಂದು ಸಾರಿದ್ದು ಅದೇ ತಪ್ಪಿನ ಮುಂದುವರಿಕೆ. ಮಗುವಿನ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟುವುದಕ್ಕೆ ಮೊದಲೇ ಉತ್ತರ ಬಂದುಬಿಟ್ಟರೆ ಅದು ಆ ಗಿಡದ ಮುಂದೆ ನಿಲ್ಲುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಎಲೆಗಳು ಎದುರುಬದುರಾಗಿವೆಯೋ ಪರ್ಯಾಯವಾಗಿವೆಯೋ, ಮುರಿದರೆ ಹಾಲು ಬರುತ್ತದೆಯೋ ಇಲ್ಲವೋ, ಇರುವೆಗಳು ಅಲ್ಲಿಗೇಕೆ ಬಂದಿವೆ ಎಂಬುದನ್ನು ಯಾರೂ ನೋಡಲಿಲ್ಲ. ಚಿತ್ರ ತೆಗೆದರು, ಹೆಸರು ಬರೆದುಕೊಂಡರು, ಮುಂದಕ್ಕೆ ಓಡಿದರು. ಇಂಥ ಆ್ಯಪ್ ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದ ಮೇಲೆ ಅತ್ಯಂತ ಸಂಭಾವ್ಯ ಹೆಸರನ್ನು ಸೂಚಿಸುತ್ತದೆ, ಅಷ್ಟೆ; ಹೂವೂ ಕಾಯೂ ಇಲ್ಲದ ಸಸಿಯ ಒಂದೇ ಎಲೆಯನ್ನು ತೋರಿಸಿದರೆ ಅದು ತಪ್ಪು ಹೇಳುವ ಸಾಧ್ಯತೆ ಸಾಕಷ್ಟಿರುತ್ತದೆ. ಆದರೆ ಪರದೆಯ ಮೇಲೆ ಮೂಡಿದ ಹೆಸರನ್ನು ಪ್ರಶ್ನಿಸಲು ಬೇಕಾದ ಸ್ವಂತ ಅವಲೋಕನ ನನ್ನ ಮಕ್ಕಳ ಬಳಿ ಇರಲಿಲ್ಲ. ಅದನ್ನು ಗಳಿಸಿಕೊಳ್ಳುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುನಾದಿಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಾಗಿರುವುದು ನಿಮ್ಮ ಕಿಸೆಯಲ್ಲಿರುವ ಒಂದು ಮೊಬೈಲ್ ಮಾತ್ರ; ಅದೂ ಮಕ್ಕಳು ನೋಡಿ, ಬರೆದು, ಊಹಿಸಿ, ತಮ್ಮತಮ್ಮಲ್ಲಿ ವಾದಿಸಿ ಮುಗಿಸಿದ ನಂತರವೇ ಹೊರಗೆ ಬರಬೇಕು. ದಾನಿಗಳು ಕೊಡುವ ಹಣದಲ್ಲಿ ಉದ್ದದ ಅಳತೆಪಟ್ಟಿಗಳು, ಒಂದು ಮಳೆಮಾಪಕ, ಒಂದೆರಡು ಒಳ್ಳೆಯ ದುರ್ಬೀನುಗಳು, ರೇಖೆಯಿಲ್ಲದ ನೋಟ್‌ಪುಸ್ತಕಗಳನ್ನು ಕೊಳ್ಳಿರಿ.

ಈಗ ನಾವು ಹುಣಸೆಮರದ ಎತ್ತರ ಅಳೆಯುವ ರೀತಿಯನ್ನು ಹೇಳುತ್ತೇನೆ. ಮೊದಲು ಪ್ರತಿಯೊಬ್ಬರೂ ಕಣ್ಣಂದಾಜನ್ನು ಬರೆದಿಡಬೇಕು. ನಂತರ ನೆಟ್ಟ ಕೋಲಿನ ನೆರಳಿಗೂ ಮರದ ನೆರಳಿಗೂ ಇರುವ ಅನುಪಾತದಿಂದ ಲೆಕ್ಕ ಹಾಕಬೇಕು. ಕೊನೆಗೆ ಮೊಬೈಲ್ ಬರುತ್ತದೆ. ಜರ್ಮನಿಯ ಆಹೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲಿನ ಓರೆಯ ಕೋನವನ್ನು ತೋರಿಸುತ್ತದೆ. ಮರದ ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಸರಿದು ನಿಂತರೆ, ಸಮತಟ್ಟಾದ ನೆಲದಲ್ಲಿ, ಬುಡದಿಂದ ಇರುವ ದೂರಕ್ಕೆ ಕಣ್ಣಿನ ಎತ್ತರವನ್ನು ಕೂಡಿಸಿದಾಗ ಬರುವುದೇ ಮರದ ಎತ್ತರ. ಮೂರು ಉತ್ತರಗಳೂ ಬೇರೆಬೇರೆ ಬಂದಾಗ ನಡೆಯುವ ಚರ್ಚೆಯೇ ನಿಜವಾದ ಪಾಠವೆಂದು ನಾನು ನಂಬುತ್ತೇನೆ.

ನೆರಳಿನ ಕೋಲು ಇನ್ನೊಂದು ಕೆಲಸಕ್ಕೂ ಬರುತ್ತದೆ. ನಮ್ಮ ಸೀಮೆಯಲ್ಲಿ ಆಗಸ್ಟ್ ಮಧ್ಯಭಾಗದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು ನೇರ ಕೋಲಿನ ನೆರಳು ಕ್ಷಣಕಾಲ ಇಲ್ಲವಾಗುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಆಗುತ್ತದೆ. ಮಕ್ಕಳು ಅದು ಗಡಿಯಾರದ ಹನ್ನೆರಡಕ್ಕೆ ಸರಿಯಾಗಿ ಆಗುವುದೆಂದು ಕಾದರು. ಆದದ್ದು ಹನ್ನೆರಡೂವರೆಯ ಆಸುಪಾಸಿನಲ್ಲಿ. ಮೊಬೈಲಿನ ಗಡಿಯಾರ ತಪ್ಪೋ ಸೂರ್ಯ ತಡವೋ ಎಂಬ ಜಗಳ ಹುಟ್ಟಿದ ಮೇಲೆ ನಕ್ಷೆಯ ಆ್ಯಪ್ ತೆರೆದು, ನಾವು ನಿಂತ ಜಾಗದ ರೇಖಾಂಶವನ್ನೂ ಭಾರತೀಯ ಕಾಲಮಾನಕ್ಕೆ ಆಧಾರವಾದ 82.5 ಡಿಗ್ರಿ ಪೂರ್ವ ರೇಖಾಂಶವನ್ನೂ ಹೋಲಿಸಿದೆವು. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ವ್ಯತ್ಯಾಸದ ಬಹುಭಾಗವನ್ನು ಅವರೇ ಲೆಕ್ಕ ಮಾಡಿದರು.

ತಂತ್ರಜ್ಞಾನದ ಅತ್ಯುತ್ತಮ ಉಪಯೋಗ ನೆನಪಿಡುವುದರಲ್ಲಿದೆ. ಸೀಸನ್‌ವಾಚ್ ಎಂಬ ರಾಷ್ಟ್ರವ್ಯಾಪಿ ಯೋಜನೆಯಲ್ಲಿ ಯಾವ ಶಾಲೆಯಾದರೂ ಸೇರಿ, ಮಾವು, ಹಲಸು, ಹುಣಸೆ, ಕಕ್ಕೆಯಂಥ ಮರವೊಂದನ್ನು ಆರಿಸಿಕೊಂಡು, ಅದರ ಚಿಗುರು, ಹೂ, ಕಾಯಿಗಳನ್ನು ವಾರವಾರವೂ ದಾಖಲಿಸಬಹುದು. ಒಂದೇ ಮರದ ಬಳಿಗೆ ಮತ್ತೆಮತ್ತೆ ಹೋಗುವುದೇ ಇದರ ಶಕ್ತಿ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯವರಿಗೆ ಹೇಳಿರುವ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹತ್ತು ಬೇರೆಬೇರೆ ಸ್ಥಳಗಳ ಪ್ರವಾಸಕ್ಕೆ ಚದುರಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಮಳೆಯ ದಾಖಲೆಯನ್ನೂ ಹೀಗೆಯೇ ಇಡಿಸಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಎಂಬುದು ತಿಳಿದ ದಿನ ಮಕ್ಕಳು ಶಾಲೆಯ ಛಾವಣಿಯನ್ನು ಅಳೆಯಲು ತಾವಾಗಿಯೇ ಪಟ್ಟಿ ಕೇಳುತ್ತಾರೆ.

ಹಕ್ಕಿಗಳ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು ಹೇಳಬೇಕಾಗಿದೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಕೂಗನ್ನು ಚಿತ್ರರೂಪಕ್ಕೆ ತಿರುಗಿಸಿ ಹಕ್ಕಿಯನ್ನು ಊಹಿಸುತ್ತದೆ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಕೂಗುಗಳನ್ನು ಹೊರಗೆ ಗಟ್ಟಿಯಾಗಿ ನುಡಿಸಲು ಎಂದೂ ಬಿಡಬೇಡಿ. ಪ್ರತಿಸ್ಪರ್ಧಿ ಬಂದನೆಂದು ತಿಳಿದು ಹಕ್ಕಿ ಗೂಡು ಬಿಟ್ಟು ಹೊರಬರಬಹುದು, ಮರಿಗಳು ಕಾವಲಿಲ್ಲದೆ ಉಳಿಯಬಹುದು. ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುವುದು ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿರುವುದರಿಂದ. ಅಂಥ ಕಡೆ ಮಕ್ಕಳನ್ನು ಕರೆದೊಯ್ದಾಗ ನಾನು ಮೊಬೈಲನ್ನು ಚೀಲದಿಂದ ತೆಗೆಯುವುದೇ ಇಲ್ಲ. ಊರಿನ ಹಿರಿಯರಲ್ಲಿ ಒಬ್ಬರನ್ನು ಮಾತನಾಡಿಸಿ ಅವರು ಹೇಳುವುದನ್ನು ಮಕ್ಕಳಿಂದ ಬರೆಸುತ್ತೇನೆ.

ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಯಾವ ಜಾಲತಾಣಕ್ಕೂ ಏರಿಸಬೇಡಿ, ಖಾತೆ ತೆರೆಯಬೇಕಾದರೆ ಶಿಕ್ಷಕರ ಹೆಸರಿನಲ್ಲಿ ಒಂದನ್ನೇ ತೆರೆಯಿರಿ. ದಾನಿಗಳು ಟ್ಯಾಬ್ಲೆಟ್ಟೇ ಕೊಡುತ್ತೇವೆಂದು ಹಟ ಹಿಡಿದರೆ ಎರಡನ್ನು ಪಡೆದು ಪ್ರಯೋಗಾಲಯದಲ್ಲಿಡಿ. ಹೊರಗಿನಿಂದ ಬಂದ ಮೇಲೆ ನೋಟ್‌ಪುಸ್ತಕದ ಅಂಕಿಗಳನ್ನು ಅವುಗಳೊಳಗೆ ತುಂಬಿಸಿ ಗ್ರಾಫ್ ಬರೆಸಲು ಅಷ್ಟು ಸಾಕು.