ಒಂಬತ್ತು ವರ್ಷದ ನಾಯಿಯನ್ನು ಈಗ ತಂದು ಸಾಕಬಹುದೇ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 66. ಪತ್ನಿಗೆ 61. ದಾವಣಗೆರೆಯ ವಿದ್ಯಾನಗರದಲ್ಲಿ ಎರಡನೇ ಮಹಡಿಯಲ್ಲಿದ್ದೇವೆ, ಲಿಫ್ಟ್ ಇಲ್ಲ. ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ ಹೆಣ್ಣು ಲ್ಯಾಬ್ರಡಾರ್ ಒಂದನ್ನು ನೋಡಿ ಬಂದೆವು. ಮರಿ ಹಾಕಿಸಿ ಮಾರುವವರು ಬಿಟ್ಟುಹೋದದ್ದಂತೆ. ವಯಸ್ಸು ಸುಮಾರು ಒಂಬತ್ತು, ತೂಕ 28 ಕೆ.ಜಿ., ಕಣ್ಣು ನೀಲಿಗಟ್ಟಿದೆ. "ಎರಡು ವರ್ಷಕ್ಕೆ ಸಾಯುವ ನಾಯಿಯನ್ನು ತಂದು ಅಳುತ್ತಾ ಕೂರಬೇಡಿ, ತರುವುದಾದರೆ ಮರಿ ತನ್ನಿ" ಎನ್ನುತ್ತಾಳೆ ಮಗಳು. ಏನು ಮಾಡೋಣ? ತಂದರೆ ಲೂಸಿ ಎಂಬ ಹೆಸರನ್ನು ಬದಲಿಸಿ ಗೌರಿ ಎಂದು ಕರೆಯಬಹುದೇ?
— ಓದುಗರೊಬ್ಬರು, ದಾವಣಗೆರೆ

ಪಶುವೈದ್ಯರ ಉತ್ತರ: ನಿಮ್ಮ ಮಗಳ ಮಾತಿಗಿಂತ ನಿಮ್ಮ ಮನೆಯ ಮೆಟ್ಟಿಲುಗಳೇ ನನ್ನನ್ನು ಯೋಚನೆಗೆ ಹಚ್ಚಿದವು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ವಯಸ್ಸಿನ ಲೆಕ್ಕ. ಲ್ಯಾಬ್ರಡಾರ್ ಸಾಮಾನ್ಯವಾಗಿ 10ರಿಂದ 12 ವರ್ಷ ಬದುಕುತ್ತದೆ. 13 ದಾಟಿದವನ್ನೂ ಕಂಡಿದ್ದೇನೆ. ಮಗಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆಕೆ ತರಲು ಹೇಳಿದ ಮರಿಯ ಲೆಕ್ಕವನ್ನೂ ಹಾಕಿ ನೋಡಿ. ಮೊದಲ ಎರಡು ವರ್ಷ ಚಪ್ಪಲಿ, ಸೋಫಾ, ಬಾಗಿಲಿನ ಚೌಕಟ್ಟು ಯಾವುದಕ್ಕೂ ಉಳಿಗಾಲವಿಲ್ಲ. ಆಮೇಲೆ ಅದು ಬೆಕ್ಕು ಕಂಡು ಹಾರಿದಾಗಲೆಲ್ಲ ಸರಪಳಿಯ ಇನ್ನೊಂದು ತುದಿಯಲ್ಲಿ ನೀವಿರುತ್ತೀರಿ. ಹಾಗೆ ಎಳೆಸಿಕೊಂಡು ಬಿದ್ದು, ಕೈಗೆ ಕಟ್ಟು ಹಾಕಿಸಿಕೊಂಡೇ ನಾಯಿಗೆ ಲಸಿಕೆ ಹಾಕಿಸಲು ಬರುವ ಹಿರಿಯರು ನನಗೆ ಹೊಸಬರೇನಲ್ಲ. ಆ ಮರಿ ಮುದಿಯಾಗಿ ಆರೈಕೆ ಬೇಡುವ ಹೊತ್ತಿಗೆ ನಿಮಗೆ 77.

ಮರಿ ಮುಂದೆ ಹೇಗಾಗುತ್ತದೆ ಎಂಬುದನ್ನು ಊಹಿಸಬೇಕು. ಒಂಬತ್ತರ ನಾಯಿಯಲ್ಲಿ ಊಹಿಸುವುದು ಕಡಿಮೆ, ನೋಡುವುದು ಹೆಚ್ಚು. ಆದ್ದರಿಂದ ಇನ್ನೊಮ್ಮೆ ಹೋಗಿ, ಒಂದು ಗಂಟೆ ಸುಮ್ಮನೆ ಕೂತು ನೋಡಿ ಬನ್ನಿ. ಮಲಗಿದ್ದವಳು ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತಾಳೆಯೇ? ಎದ್ದ ಮೇಲೆ ಹತ್ತು ಹೆಜ್ಜೆ ಕುಂಟಿ ಆಮೇಲೆ ಸರಿಯಾದರೆ ಅದು ಕೀಲಿನ ಸವೆತದ ಗುರುತು. ನಡೆದಷ್ಟೂ ಕುಂಟು ಹೆಚ್ಚಾದರೆ ಎಕ್ಸ್-ರೇ ಬೇಕು. ಮೊಣಕೈ ಮುಟ್ಟಿ ನೋಡಿ. ಕೂದಲು ಉದುರಿ, ಎಮ್ಮೆ ಚರ್ಮದಂತೆ ದಪ್ಪ ಜಡ್ಡು ಕಟ್ಟಿದ್ದರೆ ಆಕೆ ವರ್ಷಗಟ್ಟಲೆ ಸಿಮೆಂಟ್ ನೆಲದ ಮೇಲೆಯೇ ಮಲಗಿದ್ದಾಳೆ ಎಂದು ತಿಳಿಯಿರಿ. ಅದು ರೋಗವಲ್ಲ, ಆಕೆ ಬಾಳಿದ ಬಾಳಿನ ಗುರುತು. ಬಿಟ್ಟುಹೋದವರಿಗೆ ಒಂದು ಮಾತು: ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ನೀಲಿಗಟ್ಟಿದ ಕಣ್ಣಿಗೆ ಹೆದರಬೇಡಿ. ಏಳೆಂಟು ವರ್ಷ ದಾಟಿದ ನಾಯಿಗಳ ಕಣ್ಣಿನ ಮಸೂರ ಗಟ್ಟಿಯಾಗುತ್ತಾ ಹೀಗೆ ಮಬ್ಬಾಗುತ್ತದೆ. ದೃಷ್ಟಿಗೆ ದೊಡ್ಡ ತೊಂದರೆಯಿಲ್ಲ. ಮೊಸರಿನಂತೆ ಬೆಳ್ಳಗಾಗಿದ್ದರೆ ಮಾತ್ರ ಅದು ಪೊರೆ. ಎರಡನ್ನೂ ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ.

ನನ್ನ ನಿಜವಾದ ಚಿಂತೆ ಆಕೆಯ ಗರ್ಭಕೋಶ. ಮೇಲಿಂದ ಮೇಲೆ ಮರಿ ಹಾಕಿಸಿದ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿರುವುದಿಲ್ಲ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಇಂಥ ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬುವುದುಂಟು. ನೀರು ಕುಡಿಯುವುದು ಹೆಚ್ಚುತ್ತದೆ, ಊಟ ಬಿಡುತ್ತದೆ, ಕೆಲವೊಮ್ಮೆ ಕೆಳಗಿನಿಂದ ಸ್ರಾವವಾಗುತ್ತದೆ. ಸ್ರಾವ ಹೊರಗೆ ಬಾರದಿದ್ದರೆ ಅಪಾಯ ಇನ್ನೂ ಹೆಚ್ಚು. ಗೊತ್ತಾಗುವ ಹೊತ್ತಿಗೆ ನಂಜು ಮೈಗೇರಿರುತ್ತದೆ. ಮೊಲೆಗಳ ಸಾಲನ್ನೂ ಬೆರಳಿನಿಂದ ಒತ್ತಿ ನೋಡಿಸಿ, ಕಡಲೆಕಾಳಿನಷ್ಟು ಗಂಟು ಸಿಕ್ಕರೂ ವೈದ್ಯರು ಪರೀಕ್ಷಿಸಲಿ. ಶಸ್ತ್ರಚಿಕಿತ್ಸೆಯನ್ನು ಆಶ್ರಯಧಾಮದವರೇ ಮಾಡಿಸಿ ಕೊಡಲಿ ಎಂದು ಕೇಳಿ. ಈ ವಯಸ್ಸಿನಲ್ಲಿ ಅರಿವಳಿಕೆ ತಡೆದೀತೇ ಎಂದು ಎಲ್ಲರೂ ಕೇಳುತ್ತಾರೆ. ವಯಸ್ಸಿಗಿಂತ ರಕ್ತದ ವರದಿ ಮುಖ್ಯ. ರಕ್ತಕಣಗಳ ಎಣಿಕೆ, ಕ್ರಿಯೇಟಿನಿನ್, ಯಕೃತ್ತು, ಸಕ್ಕರೆ, ಮೂತ್ರ ಇಷ್ಟನ್ನೂ ಮೊದಲೇ ಮಾಡಿಸಬೇಕು. ಪ್ಲೇಟ್‌ಲೆಟ್ ಕಡಿಮೆ ಬಂದರೆ ಉಣ್ಣಿ ಜ್ವರದ ಪರೀಕ್ಷೆಯೂ ಆಗಲಿ; ನಮ್ಮ ಕಡೆಯ ನಾಯಿಗಳಲ್ಲಿ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ.

ಕ್ರಿಯೇಟಿನಿನ್ ಸರಿಯಿದೆ ಎಂದರೆ ಮೂತ್ರಪಿಂಡ ಪೂರ್ತಿ ಸರಿಯಿದೆ ಎಂದಲ್ಲ. ಮುಕ್ಕಾಲು ಪಾಲು ಕೆಲಸ ಕೆಟ್ಟ ಮೇಲೆಯೇ ಆ ಸಂಖ್ಯೆ ಏರುವುದು. ಹಾಗಾಗಿ ಮನೆಗೆ ತಂದ ಮೇಲೆ ಒಂದು ದಿನ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಇಡಿ. 28 ಕೆ.ಜಿ.ಯ ನಾಯಿ ದಿನಕ್ಕೆ 2.8 ಲೀಟರ್‌ಗಿಂತ ಹೆಚ್ಚು ಕುಡಿದರೆ ವೈದ್ಯರಿಗೆ ಹೇಳಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಅದು ನೆನಪಿರಲಿ. ರೇಬಿಸ್ ಲಸಿಕೆಯ ದಾಖಲೆ ಇಲ್ಲದಿದ್ದರೆ ಹಾಕಿಲ್ಲವೆಂದೇ ತಿಳಿದು ಹಾಕಿಸಿ.

ಈಗ ಮೆಟ್ಟಿಲು. ಮರಿಯನ್ನಾದರೆ ಎತ್ತಿಕೊಂಡು ಇಳಿಯಬಹುದು, 28 ಕೆ.ಜಿ.ಯನ್ನು ನೀವಿಬ್ಬರೂ ಎತ್ತಲಾರಿರಿ. ಆಶ್ರಯಧಾಮದಲ್ಲಿ ಮೆಟ್ಟಿಲಿದ್ದರೆ ಹತ್ತಿಸಿ, ಇಳಿಸಿ ನೋಡಿ. ಕಷ್ಟ ಎದ್ದು ಕಾಣುವುದು ಇಳಿಯುವಾಗಲೇ. ಅಲ್ಲಿಯೇ ತಡವರಿಸಿದರೆ, ಬೇಸರವಾದರೂ ಹೇಳುತ್ತೇನೆ, ಲೂಸಿಯನ್ನು ತರಬೇಡಿ. ಅದೇ ಆಶ್ರಯಧಾಮದಲ್ಲಿ ಏಳೆಂಟು ಕೆ.ಜಿ.ಯ ಮುದಿ ಪೊಮೆರೇನಿಯನ್ ಇದ್ದೀತು, ಕೇಳಿ. ಚೆನ್ನಾಗಿ ಇಳಿದರೆ ಹದಿನೈದು ದಿನ ತಾತ್ಕಾಲಿಕವಾಗಿ ಕೊಡಿ ಎಂದು ಕೇಳಿ. ಬಹಳಷ್ಟು ಕಡೆ ಒಪ್ಪುತ್ತಾರೆ. ಹೊಟ್ಟೆಯ ಕೆಳಗೆ ಉದ್ದನೆಯ ಟವೆಲ್ ಹಾಯಿಸಿ ಹಿಂಭಾಗವನ್ನು ಹಗುರಾಗಿ ಹಿಡಿದರೆ ಇಳಿಯಲು ನೆರವಾಗುತ್ತದೆ. ರಾತ್ರಿಯ ಮೂತ್ರಕ್ಕೆ ಬಾಲ್ಕನಿಯಲ್ಲಿ ಅಗಲವಾದ ತಟ್ಟೆಗೆ ಮಣ್ಣು ತುಂಬಿಡಿ.

ಮನೆಯೊಳಗಿನ ಶತ್ರು ಹೊಳೆಯುವ ಟೈಲ್ಸ್. ಉಗುರು ಟಕಟಕ ಎಂದು ಸದ್ದು ಮಾಡುತ್ತಾ ಕಾಲು ಅಗಲವಾಗುವುದನ್ನು ನೋಡಿದರೆ ನಿಮಗೇ ತಿಳಿಯುತ್ತದೆ. ಆಕೆ ಓಡಾಡುವ ದಾರಿಗೆ ಜಮಖಾನ ಅಥವಾ ಗೋಣಿಚೀಲ ಹಾಸಿ, ಉಗುರು ಕತ್ತರಿಸಿಡಿ. ಮಲಗಲು ಹಳೆಯ ಹತ್ತಿಯ ಗಾದಿ ಸಾಕು. ಹತ್ತಿ ಗಿರಣಿಗಳ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕೇ! ಕಾಲುನೋವೆಂದು ನಿಮ್ಮ ಮಾತ್ರೆಡಬ್ಬಿಯಿಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಕೊಡಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವವಾಗಿ, ಮೂತ್ರಪಿಂಡ ಕೆಟ್ಟು ಬಂದ ನಾಯಿಗಳನ್ನು ನೋಡಿದ್ದೇನೆ. ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟಿದ್ದರು.

ಊಟದ ವಿಷಯ ಚಿಕ್ಕದು. ಅನ್ನ, ರಾಗಿ, ಮೊಟ್ಟೆ, ಮೂಳೆಯಿಲ್ಲದ ಕೋಳಿ, ದಿನಕ್ಕೆರಡು ಬಾರಿ, ತೂಕ ಏರದಂತೆ. ಭಾನುವಾರದ ಬೆಣ್ಣೆ ದೋಸೆಯ ಅಂಚು ಬೇಡ. ಅಷ್ಟು ಕೊಬ್ಬು ಒಮ್ಮೆಲೇ ಹೋದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಸಿಲುಕಬಹುದು. ಸಂಜೆಯ ಮಂಡಕ್ಕಿಯೂ ಬೇಡ, ಅದರಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಮೊದಲ ಮೂರು ದಿನ ಆಕೆ ಮೂಲೆ ಹಿಡಿದು ಕೂರಬಹುದು, ಊಟ ಮುಟ್ಟದಿರಬಹುದು. ನೆಂಟರನ್ನು ಕರೆದು ತೋರಿಸುವುದು, ಸ್ನಾನ, ಫೋಟೋ ಎಲ್ಲ ಆಮೇಲೆ. ಮನೆಯ ವೇಳೆಗೆ ಒಗ್ಗಲು ಮೂರು ವಾರ, ಇದು ನನ್ನ ಮನೆ ಎಂದು ನಂಬಲು ಮೂರು ತಿಂಗಳು ಎಂದು ಈ ಕೆಲಸದಲ್ಲಿರುವವರು ಹೇಳುವುದುಂಟು. ಗೂಡಿನಲ್ಲೇ ಬೆಳೆದವಳಾದರೆ ಮನೆಯೊಳಗೆ ಮೂತ್ರ ಮಾಡಬಾರದು ಎಂಬುದನ್ನು ಒಂಬತ್ತನೇ ವಯಸ್ಸಿನಲ್ಲಿ ಮೊದಲ ಬಾರಿ ಕಲಿಯಬೇಕು. ಕಲಿಯುತ್ತಾಳೆ, ಎದ್ದ ತಕ್ಷಣ, ಉಂಡ ತಕ್ಷಣ ಕರೆದೊಯ್ಯಬೇಕು, ಅಷ್ಟೆ.

ಹೆಸರನ್ನು ಧಾರಾಳವಾಗಿ ಬದಲಿಸಿ. ಮೊದಲು ಹಿಂದಿನಿಂದ ಒಮ್ಮೆ ಚಪ್ಪಾಳೆ ತಟ್ಟಿ ಕಿವಿ ಕೇಳಿಸುತ್ತದೆಯೇ ನೋಡಿಕೊಳ್ಳಿ. ಕೇಳಿಸುವುದಾದರೆ ಒಂದು ವಾರ "ಲೂಸಿ ಗೌರಿ" ಎಂದು ಕೂಡಿಸಿ ಕರೆದು ಬಿಸ್ಕತ್ತಿನ ಚೂರು ಕೊಡಿ, ಆಮೇಲೆ ಲೂಸಿಯನ್ನು ಬಿಟ್ಟುಬಿಡಿ. ಎರಡೂ ಎರಡಕ್ಷರದ ಹೆಸರು, ಎರಡೂ ಮುಗಿಯುವುದು ಒಂದೇ ಸ್ವರದಲ್ಲಿ. ಆಕೆಗೆ ಹೆಚ್ಚು ಕಷ್ಟವಾಗಲಾರದು.